ಸೀಮೆಯ ಪಿಂಗಾಣಿ

ಕನ್ನಡದಲ್ಲಿ ‘ಸೀಮೆ’ ಎಂಬ ಮಾತಿನ ಅರ್ಥವ್ಯಾಪ್ತಿ ವಿಚಿತ್ರವಾದುದು. ಸೀಮೆಯೆಂದರೆ ಎಲ್ಲೆ, ಸೀಮೆಯೆಂದರೆ ನಾಡು, ಆದರೆ ಅದೇ ಮಾತು ಇನ್ನೊಂದು ಪದದ ಮುಂದೆ ಬಂದು ನಿಂತಿತೆಂದರೆ ಕಡಲಿನಾಚೆಯದು ಎಂಬ ಅರ್ಥವನ್ನು ಕೊಡುತ್ತದೆ. ಸೀಮೆಸುಣ್ಣ, ಸೀಮೆಎಣ್ಣೆ, ಸೀಮೆಬದನೆ ಇವೆಲ್ಲ ಹೀಗೆ ಹೊರಗಿನಿಂದ ಬಂದು ಮನೆಯ ಮಾತಿನಲ್ಲಿ ಸೇರಿಕೊಂಡುವು. ಬಂದ ಪದಾರ್ಥಗಳಲ್ಲಿ ಕೆಲವು ಅಡಿಗೆಯ ಮನೆಯವರೆಗೂ ನಡೆದುಹೋದುವು. ಕೆಲವು ಹಜಾರದಲ್ಲಿಯೇ ನಿಂತುವು. ಹೀಗೆ ಹಜಾರದಲ್ಲಿ ನಿಂತುಹೋದವುಗಳಲ್ಲಿ ಇಂಗ್ಲೆಂಡಿನ ಪಿಂಗಾಣಿಯೂ ಒಂದು. ಮೈಸೂರಿನ ಹಳೆಯ ಮನೆಗಳಲ್ಲಿ, ಗಾಜಿನ ಬಾಗಿಲಿನ ಬೀರುವಿನೊಳಗೆ, ನೀಲಿ ಚಿತ್ರದ ತಟ್ಟೆಯೊಂದೋ ಹೂವಿನ ಬಟ್ಟಲೊಂದೋ ಕುರಿ ಕಾಯುವ ದೊರೆಸಾನಿಯ ಬೊಂಬೆಯೊಂದೋ ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತದೆ.

ಅದು ಒಳಗೆ ಹೋಗದೆ ಇದ್ದುದಕ್ಕೆ ಕಾರಣವಿಲ್ಲದಿಲ್ಲ. ಲೋಹದ ಪಾತ್ರೆಗೆ ಎಂಜಲು ತಗುಲಿದರೆ ಹುಣಿಸೆಹಣ್ಣು ಹಚ್ಚಿ ಬೆಳಗಿ ಶುದ್ಧಮಾಡಬಹುದು. ಮಣ್ಣಿನ ಪಾತ್ರೆಗೆ ತಗುಲಿದರೆ ಬಿಸಾಡಬೇಕು. ಇದು ಮಡಿಯ ಮನೆಗಳ ಹಳೆಯ ಶಾಸ್ತ್ರ. ಪಿಂಗಾಣಿಯು ಎಷ್ಟು ಮೆರುಗಿನದಾದರೂ ಮೂಲದಲ್ಲಿ ಮಣ್ಣೇ ಅಲ್ಲವೆ? ಅದು ಸಾಲದೆಂಬಂತೆ, 1790ರ ದಶಕದಲ್ಲಿ ಸ್ಪೋಡ್ ಎಂಬ ಕುಂಬಾರರ ಮನೆತನವು ಹದಕ್ಕೆ ತಂದು, ಮುಂದೆ ಇಂಗ್ಲೆಂಡಿನ ಹೆಮ್ಮೆಯ ಪದಾರ್ಥವಾದ ಬೋನ್ ಚೈನಾದಲ್ಲಿ ಸುಮಾರು ಅರ್ಧಪಾಲು ಎತ್ತಿನ ಮೂಳೆಯ ಬೂದಿಯೇ ಇರುತ್ತದೆ. ಆ ಹಾಲಿನಂಥ ಬಿಳುಪಿನ ಗುಟ್ಟು ಅದೇ. ಈ ಸಂಗತಿ ತಿಳಿದ ಮನೆಗಳಲ್ಲಿ ಬಟ್ಟಲುಗಳ ಗತಿ ಏನಾಯಿತೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಉಪ್ಪಿನಕಾಯಿಯ ಜಾಡಿಯೊಂದಕ್ಕೆ ಮಾತ್ರ ಹೇಗೋ ವಿನಾಯಿತಿ ದೊರೆಯಿತು. ಉಪ್ಪಿಗೂ ಹುಳಿಗೂ ಜಗ್ಗದೆ ನಿಲ್ಲುವ ಪಾತ್ರೆ ಅದು. ಅವಶ್ಯಕತೆಯ ಮುಂದೆ ಶಾಸ್ತ್ರವೂ ಸ್ವಲ್ಪ ಕಣ್ಣು ಮುಚ್ಚಿತು.

ಹೀಗೆ ಊಟದ ಪಂಕ್ತಿಯಲ್ಲಿ ಸ್ಥಾನ ದೊರೆಯದ ಈ ಪದಾರ್ಥಕ್ಕೆ ಮೈಸೂರಿನಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಅದು ನವರಾತ್ರಿಯ ಬೊಂಬೆಯ ಹಬ್ಬ. ಪಾಡ್ಯದ ದಿನ ಮೆಟ್ಟಲುಗಳನ್ನು ಕಟ್ಟಿ, ಬಿಳಿಯ ವಸ್ತ್ರವನ್ನು ಹಾಸಿ, ಮೇಲಿನ ಮೆಟ್ಟಲಿನ ಮೇಲೆ ಮರದ ಪಟ್ಟದ ಬೊಂಬೆಗಳನ್ನು ಕೂರಿಸಿದ ಮೇಲೆ, ಕೆಳಗಣ ಸಾಲುಗಳಲ್ಲಿ ಯಾರಿಗೂ ಪ್ರವೇಶ ನಿಷಿದ್ಧವಲ್ಲ. ಅಲ್ಲಿ ದಶಾವತಾರದ ಪಕ್ಕದಲ್ಲಿ ಸೆಟ್ಟಿಯ ಅಂಗಡಿ, ಸೆಟ್ಟಿಯ ಅಂಗಡಿಯ ಪಕ್ಕದಲ್ಲಿ ಸೀಮೆಯ ದೊರೆಸಾನಿ. ಕುರಿ ಕಾಯುವ ಹುಡುಗಿಯನ್ನು ಕೃಷ್ಣನ ಗೋಪಿಯರ ಗುಂಪಿಗೆ ಸೇರಿಸಿದರೂ ಯಾರೂ ಆಕ್ಷೇಪಿಸುವುದಿಲ್ಲ. ಅರಮನೆಯಲ್ಲಿಯೂ ಇದೇ ಔದಾರ್ಯವನ್ನು ಕಾಣಬಹುದು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಗಿ, ಹೆನ್ರಿ ಇರ್ವಿನ್ನನ ಯೋಜನೆಯಂತೆ ಹೊಸ ಅರಮನೆ 1912ರಲ್ಲಿ ಮುಗಿದಾಗ, ಕಲ್ಯಾಣಮಂಟಪದ ನೆಲಕ್ಕೆ ನವಿಲಿನ ಚಿತ್ತಾರವನ್ನು ಮೂಡಿಸಿದ ಬಿಲ್ಲೆಗಳು ಇಂಗ್ಲೆಂಡಿನಿಂದ ಬಂದುವು. ಅದೇ ಅರಮನೆಯ ಬೊಂಬೆತೊಟ್ಟಿಯಲ್ಲಿ 19ನೆಯ ಶತಮಾನದ ಮತ್ತು 20ನೆಯ ಶತಮಾನದ ಮೊದಲ ಭಾಗದ ಬೊಂಬೆಗಳು ಇಂದಿಗೂ ಪ್ರೇಕ್ಷಕರನ್ನು ಎದುರುಗೊಳ್ಳುತ್ತವೆ.

ಈ ಬೊಂಬೆಗಳ ತವರನ್ನೂ ಸ್ವಲ್ಪ ತಿಳಿಯತಕ್ಕದ್ದು. ಇಂಗ್ಲೆಂಡಿನ ನಡುಭಾಗದಲ್ಲಿ ಸ್ಟ್ಯಾಫರ್ಡ್‌ಷೈರ್ ಎಂಬ ಪ್ರಾಂತವುಂಟು. ಅಲ್ಲಿ ಜೇಡಿಯೂ ಕಲ್ಲಿದ್ದಲೂ ಒಂದೇ ನೆಲದಲ್ಲಿ ದೊರೆತುದರಿಂದ ಊರೂರೇ ಕುಂಬಾರಗೇರಿಯಾಯಿತು. ಜೊಸಯ್ಯ ವೆಜ್‌ವುಡ್ಡನು 1759ರಲ್ಲಿ ಸ್ವಂತ ಕಾರ್ಖಾನೆಯನ್ನು ತೆರೆದು, ಕೆನೆಬಣ್ಣದ ಪಾತ್ರೆಗಳನ್ನು ಷಾರ್ಲಟ್ ರಾಣಿಗೆ ಒಪ್ಪಿಸಿ, ಅವುಗಳಿಗೆ ರಾಣಿಯ ಹೆಸರನ್ನೇ ಇಟ್ಟುಕೊಂಡು ಮಾರಿದ್ದು ಅಲ್ಲಿಯೇ. ಚೀನದೇಶದ ಚಿತ್ರವೆಂದು ಎಲ್ಲರೂ ನಂಬುವ ನೀಲಿಯ ವಿಲ್ಲೋ ತಟ್ಟೆಯೂ, ಅದರಲ್ಲಿ ಪ್ರೇಮಿಗಳಿಬ್ಬರು ಹಕ್ಕಿಗಳಾದರೆಂಬ ಕಥೆಯೂ ಇಂಗ್ಲೆಂಡಿನಲ್ಲಿಯೇ ಹುಟ್ಟಿದುವು. ಆದರೆ ಬೊಂಬೆಗಳು ರಾಣಿಯರಿಗಾಗಿ ಆದವಲ್ಲ. ಬಡವರ ಮನೆಯ ಅಗ್ಗಿಷ್ಟಿಕೆಯ ಮೇಲಣ ಹಲಗೆಯೇ ಅವುಗಳ ನೆಲೆ. ಬೆನ್ನು ಗೋಡೆಗೆ ಒರಗುವುದರಿಂದ ಬೆನ್ನಿಗೆ ಬಣ್ಣವೇಕೆಂದು ಅದನ್ನು ಚಪ್ಪಟೆಯಾಗಿಯೇ ಬಿಟ್ಟರು. ಆ ಕಾರ್ಖಾನೆಗಳಲ್ಲಿ ಎಳೆಯ ಮಕ್ಕಳೂ ದುಡಿದರು. ಮೆರುಗಿನ ಸೀಸದ ವಿಷವು ಕೆಲಸಗಾರರ ಮೈಗೇರಿತು. ಬೊಂಬೆಯ ಕೆನ್ನೆಯ ಕೆಂಪು ನಗೆಯನ್ನು ನೋಡುವವರು ಇದನ್ನೂ ನೆನೆಯುವುದು ನ್ಯಾಯ. ಆ ಕಾಲದ ಪಾತ್ರೆಯಲ್ಲಿ ಹುಳಿಯ ಪದಾರ್ಥವನ್ನು ಇಂದು ಬಡಿಸದಿರುವುದೂ ಒಳ್ಳೆಯದು.

ಸೀಮೆಯ ಬೊಂಬೆ ಮೈಸೂರಿಗೆ ಬರುವುದಕ್ಕೆ ಮೊದಲೇ ಮೈಸೂರಿನ ಬೊಂಬೆಯೊಂದು ಸೀಮೆಗೆ ಹೋಗಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ ಟಿಪ್ಪುಸುಲ್ತಾನನ ಅರಮನೆಯಲ್ಲಿ ಮರದ ಹುಲಿಯೊಂದು ದೊರೆಯಿತು. ಬಿದ್ದಿರುವ ಐರೋಪ್ಯನ ಕುತ್ತಿಗೆಗೆ ಅದು ಬಾಯಿ ಹಾಕಿದೆ; ಹಿಡಿಯನ್ನು ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ. ಅದನ್ನು ಲಂಡನ್ನಿಗೆ ಸಾಗಿಸಿ 1808ರಿಂದ ಈಸ್ಟ್ ಇಂಡಿಯಾ ಕಂಪೆನಿಯ ಭವನದಲ್ಲಿ ಜನರಿಗೆ ತೋರಿಸಿದರು. ಈಗ ಅದು ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಮುಂದೆ ಸ್ಟ್ಯಾಫರ್ಡ್‌ಷೈರಿನ ಕುಂಬಾರರು, 1820ರ ಆಚೀಚೆ, ಇಂಥದೇ ಒಂದು ಬೊಂಬೆಯನ್ನು ಮಾಡಿದರು: ಹುಲಿಯ ಬಾಯಲ್ಲಿ ಒಬ್ಬ ಆಂಗ್ಲ ತರುಣನ ತಲೆ. ಅದಕ್ಕೆ ‘ಮನ್ರೋವಿನ ಮರಣ’ವೆಂದು ಹೆಸರು. 1792ರಲ್ಲಿ ವಂಗದೇಶದ ಸಾಗರದ್ವೀಪದಲ್ಲಿ ಹುಲಿಗೆ ಬಲಿಯಾದ ಆ ಮನ್ರೋ, 1780ರಲ್ಲಿ ಪೊಳ್ಳಿಲೂರಿನ ಕಾಳಗದ ಹೊತ್ತಿಗೆ ಹೈದರಾಲಿಯ ಸೈನ್ಯದೆದುರಿನಿಂದ ಮದರಾಸಿಗೆ ಹಿಂದೆಗೆದ ಸರ್ ಹೆಕ್ಟರ್ ಮನ್ರೋವಿನ ಮಗ. ಮೈಸೂರಿನ ಮರದ ಹುಲಿ ಕುಂಬಾರರ ಮನಸ್ಸಿನಲ್ಲಿತ್ತೆಂದು ಬಲ್ಲವರು ಊಹಿಸುತ್ತಾರೆ. ಬ್ರೈಟನ್ನಿನ ಹೆನ್ರಿ ವಿಲೆಟ್ ಎಂಬಾತನು ಇಂಥ ಬಡವರ ಬೊಂಬೆಗಳನ್ನೇ ರಾಶಿರಾಶಿಯಾಗಿ ಕೂಡಿಹಾಕಿ ತನ್ನ ಊರಿಗೆ ಕೊಟ್ಟುದು, ಜನರ ಚರಿತ್ರೆಯನ್ನು ಅವರ ಮನೆಯ ಮಣ್ಣಿನಲ್ಲಿ ಓದಬಹುದೆಂಬ ನಂಬಿಕೆಯಿಂದ.

ಮೈಸೂರಿನ ಚಾಮರಾಜಪುರದಲ್ಲಿರುವ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಇದೇ ಹವ್ಯಾಸ ಅಂಟಿಕೊಂಡಿದೆ. ಅವರಲ್ಲಿ ಹಣ ಹೆಚ್ಚಿಲ್ಲ. ಆದುದರಿಂದ ಕಣ್ಣನ್ನು ಹೆಚ್ಚಾಗಿ ಬಳಸುತ್ತಾರೆ. ತಟ್ಟೆಯು ಕೈಗೆ ಬಂದರೆ ಮೊದಲು ಬೋರಲು ಹಾಕಿ ಬೆನ್ನನ್ನು ನೋಡುವರು. ವಜ್ರಾಕಾರದ ನೋಂದಣಿಯ ಮುದ್ರೆಯಿದ್ದರೆ ಆ ಮಾದರಿ 1842ರಿಂದ 1883ರೊಳಗೆ ನೋಂದಣಿಯಾದುದು. ಬರಿಯ ನೋಂದಣಿಯ ಅಂಕಿಯಿದ್ದರೆ 1884ರಿಂದೀಚಿನದು. ‘ಇಂಗ್ಲೆಂಡ್’ ಎಂಬ ಹೆಸರಿದ್ದರೆ, ಅಮೆರಿಕದ ಸುಂಕದ ಕಾನೂನು ದೇಶದ ಹೆಸರನ್ನು ಕೇಳತೊಡಗಿದ 1891ರ ಅನಂತರದ್ದಾಗಿರುವುದು ಸಾಮಾನ್ಯ. ‘ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದರೆ ಬಹುಮಟ್ಟಿಗೆ 20ನೆಯ ಶತಮಾನದ್ದು. ಬೊಂಬೆಗಳ ವಿಷಯದಲ್ಲಿ ಈ ವಿದ್ಯೆ ಅಷ್ಟಾಗಿ ನಡೆಯದು. ಸ್ಟ್ಯಾಫರ್ಡ್‌ಷೈರಿನ ಬೊಂಬೆಗಳಲ್ಲಿ ಹೆಚ್ಚಿನವುಗಳಿಗೆ ಮುದ್ರೆಯೇ ಇಲ್ಲ. ಅಲ್ಲಿ ತೂಕವನ್ನು ನೋಡಬೇಕು. ಹಳೆಯದು ಅಚ್ಚಿನಲ್ಲಿ ಕೈಯಿಂದ ಒತ್ತಿದ್ದು, ಭಾರವಾಗಿರುತ್ತದೆ, ಅಡಿಯ ರಂಧ್ರ ಚಿಕ್ಕದು. ನೀರಾದ ಮಣ್ಣನ್ನು ಅಚ್ಚಿಗೆ ಹೊಯ್ದು ಮಾಡಿದ ಈಚಿನ ಅನುಕರಣ ಹಗುರ, ರಂಧ್ರ ದೊಡ್ಡದು; ಮೆರುಗಿನ ಬಿರುಕುಗಳು ಬಲೆ ನೇಯ್ದಂತೆ ಎಲ್ಲೆಡೆಯೂ ಸಮನಾಗಿದ್ದರೆ ಆ ಮುಪ್ಪನ್ನು ನಂಬಬಾರದು. ಮೈಸೂರಿನ ಮನೆಗಳಲ್ಲಿ ಇಂಗ್ಲಿಷಿನದೆಂದು ಪೂಜ್ಯವಾಗಿರುವ ಎಷ್ಟೋ ಬೊಂಬೆಗಳು ಜರ್ಮನಿಯವು, ಜಪಾನಿನವು. ಇದನ್ನು ಮೇಷ್ಟರು ಮನೆಯವರಿಗೆ ತಾವಾಗಿ ಹೇಳುವುದಿಲ್ಲ. ಕೇಳಿದರೆ ಮರೆಮಾಚುವುದೂ ಇಲ್ಲ.

ಅವರ ಮನಸ್ಸನ್ನು ಬಹುಕಾಲ ಕಾಡಿದ್ದು ಒಂದು ನಾಯಿ. ಬಿಳಿಯ ಮೈ, ಕೆಂಗಂದು ಮಚ್ಚೆಯ ಕಿವಿ, ಕೊರಳಲ್ಲಿ ಹೊನ್ನಿನ ಬಣ್ಣದ ಸರಪಣಿ. ಇಂಥ ನಾಯಿಗಳು ಜೋಡಿಯಾಗಿಯೇ ಹುಟ್ಟುವುವು. ಒಂದು ಎಡಕ್ಕೆ ನೋಡಿದರೆ ಇನ್ನೊಂದು ಬಲಕ್ಕೆ. ಹಲಗೆಯ ಎರಡು ತುದಿಗಳಲ್ಲಿ ಕುಳಿತು ಒಂದನ್ನೊಂದು ನೋಡುತ್ತಿರಬೇಕು. ಜೋಡಿಯಿದ್ದರೆ ಬೆಲೆ, ಒಂಟಿಯಾದರೆ ಅರ್ಧಕ್ಕಿಂತಲೂ ಬಹಳ ಕಡಮೆ. ಅಗ್ರಹಾರದ ಒಂದು ಮನೆಯಲ್ಲಿ ಎಡಕ್ಕೆ ನೋಡುವ ನಾಯಿ ಪ್ರತಿ ನವರಾತ್ರಿಯಲ್ಲಿಯೂ ಮೂರನೆಯ ಮೆಟ್ಟಲಿನ ಬಲತುದಿಯಲ್ಲಿ ಕುಳಿತಿರುತ್ತಿತ್ತು. ಎಡತುದಿ ಬರಿದು. ಮೇಷ್ಟರು ವಿಚಾರಿಸಲಾಗಿ, ಬಲಕ್ಕೆ ನೋಡುವುದು ಶಿವಮೊಗ್ಗದಲ್ಲಿ ಆ ಮನೆಯ ಮುದುಕಮ್ಮನ ತಂಗಿಯ ಬಳಿ ಇದೆಯೆಂದು ತಿಳಿಯಿತು.

ಅವರ ಸಂಗ್ರಾಹಕಬುದ್ಧಿ ಜಾಗೃತವಾಯಿತು. ಎರಡನ್ನೂ ತಾವೇ ಕೊಂಡು ಕೂಡಿಸುವುದು ಒಂದು ಪುಣ್ಯಕಾರ್ಯದಂತೆ ಅವರಿಗೆ ತೋರಿತು. ತಮ್ಮ ಯೋಗ್ಯತೆಗೆ ಮೀರಿದ ಬೆಲೆಯನ್ನೇ ಹೇಳಿದರು. ಅಗಲಿದ ಜೋಡಿ ಒಂದಾಗಲೆಂದೂ ಬಿನ್ನವಿಸಿದರು. ಆಕೆ ನಕ್ಕು ಹೇಳಿದುದು ಇಷ್ಟು: “ಅದು ನಿಮಗೆ ಜೋಡಿ, ಮೇಷ್ಟರೆ. ನಮಗೆ ಪಾಲು. ನಮ್ಮಮ್ಮನಿಗೆ ಇದ್ದ ಹೆಣ್ಣುಮಕ್ಕಳು ಇಬ್ಬರು. ಮದುವೆಯಾಗಿ ಹೊರಟಾಗ ಒಬ್ಬೊಬ್ಬರ ಬೊಂಬೆಯ ಪೆಟ್ಟಿಗೆಯಲ್ಲಿ ಒಂದೊಂದನ್ನು ಇಟ್ಟರು. ಹೊಲ ಮನೆ ಗಂಡುಮಕ್ಕಳಿಗೆ ಹೋಯಿತು. ನಮಗೆ ತೂಕ ಹಾಕಿದಂತೆ ಸಮನಾಗಿ ಬಂದದ್ದು ಇದೊಂದೇ. ನಾನು ಪ್ರತಿವರ್ಷ ಆ ಎಡತುದಿಯನ್ನು ಖಾಲಿ ಬಿಡುತ್ತೇನೆ. ಅವಳು ಅಲ್ಲಿ ಬಲತುದಿಯನ್ನು ಬಿಡುತ್ತಾಳೆ.”

ಮೇಷ್ಟರು ಮರುಮಾತಾಡಲಿಲ್ಲ. ಪೇಟೆಯ ಲೆಕ್ಕದಲ್ಲಿ ಒಡೆದ ಜೋಡಿಯಾಗಿದ್ದುದು ಆ ಮನೆಯ ಲೆಕ್ಕದಲ್ಲಿ ನ್ಯಾಯವಾದ ಹಂಚಿಕೆಯಾಗಿತ್ತು. ಅವರು ಮನೆಗೆ ಹೋಗಿ ತಮ್ಮ ದಪ್ಪ ಪುಸ್ತಕದಲ್ಲಿ, ತಮ್ಮದಾಗದ ಆ ವಸ್ತುವಿಗೂ ಒಂದು ಪುಟವನ್ನು ಮೀಸಲಿಟ್ಟು ಬರೆದರು: ಎತ್ತರ, ಬಣ್ಣ, ಬಲಗಾಲಿನ ಚಕ್ಕೆ, ತಾಯಿ ಹಂಚಿದ ಬಗೆ, ಎರಡು ಊರುಗಳಲ್ಲಿ ಖಾಲಿ ಬಿಡುವ ಎರಡು ತುದಿಗಳು. ‘ಸ್ಥಿತಿ’ ಎಂಬ ಅಂಕಣದಲ್ಲಿ ‘ಒಂಟಿ’ ಎಂದು ಬರೆದು, ಅದನ್ನು ಹೊಡೆದುಹಾಕಿ, ‘ಜೋಡಿ ಪೂರ್ಣ’ ಎಂದು ತಿದ್ದಿದರು.

ಆ ಪುಟವು ವ್ಯರ್ಥವಾಗಲಿಲ್ಲ. ಮುದುಕಮ್ಮ ತೀರಿಕೊಂಡ ಮೇಲೆ ಮನೆಯನ್ನು ಮಾರಿದರು. ಹಳೆಯ ಸಾಮಾನಿನ ವ್ಯಾಪಾರಿಯು ಬೀರುವನ್ನೂ ಅದರೊಳಗಣ ಪಿಂಗಾಣಿಯನ್ನೂ ಒಂದೇ ಮಾತಿನಲ್ಲಿ ಒಟ್ಟಾಗಿ ಕೇಳಿದ. ಬೇರೆ ಊರಿನಲ್ಲಿ ಬೆಳೆದ ಮೊಮ್ಮಕ್ಕಳಿಗೆ ಅದು ಮುರುಕು ನಾಯಿ. ಮೇಷ್ಟರು ಪುಸ್ತಕವನ್ನು ಒಯ್ದು ಆ ಪುಟವನ್ನು ಅವರ ಮುಂದೆ ಓದಿದರು. ಬೀರು ಹೋಯಿತು, ತಟ್ಟೆಗಳು ಹೋದುವು. ನಾಯಿಯನ್ನು ಮಾತ್ರ ಒಬ್ಬ ಮೊಮ್ಮಗಳು ಸೀರೆಯಲ್ಲಿ ಸುತ್ತಿ ತೆಗೆದುಕೊಂಡು ಹೋದಳು. ತಟ್ಟೆಗಳ ವಿಷಯದಲ್ಲಿ ಯಾರೂ ಏನನ್ನೂ ಬರೆದಿಟ್ಟಿರಲಿಲ್ಲ.

ಸಂಗ್ರಹವೆಂಬುದರಲ್ಲಿ ಒಂದು ಇಕ್ಕಟ್ಟು ಎಂದಿಗೂ ಇರುವುದೆ. ಕೊಳ್ಳದಿದ್ದರೆ ವಸ್ತುವು ಒಡೆದು ಹಾಳಾಗಬಹುದು. ಕೊಂಡರೆ ವಸ್ತು ಉಳಿದು ಮನೆಯ ಸಂಬಂಧ ಕಡಿಯುತ್ತದೆ. ಈ ಇಕ್ಕಟ್ಟನ್ನು ಪೂರ್ತಿಯಾಗಿ ಬಿಡಿಸಿದವರಿಲ್ಲ. ಆದರೆ ಅದನ್ನು ಸಡಿಲಿಸುವ ಉಪಾಯವನ್ನು ಈ ಹವ್ಯಾಸದ ದೊಡ್ಡವರು ತೋರಿಸಿದ್ದಾರೆ. ಲೇಡಿ ಷಾರ್ಲಟ್ ಷ್ರೈಬರ್ ಎಂಬಾಕೆ ಯೂರೋಪನ್ನೆಲ್ಲ ಸುತ್ತಿ ಕೂಡಿಸಿದ ಇಂಗ್ಲಿಷ್ ಪಿಂಗಾಣಿಯನ್ನು 1884ರಲ್ಲಿ, ತೀರಿಕೊಂಡ ಪತಿಯ ನೆನಪಿಗಾಗಿ, ಲಂಡನ್ನಿನ ಸಂಗ್ರಹಾಲಯಕ್ಕೆ ಕೊಟ್ಟಳು. ತಾನು ಎಲ್ಲೆಲ್ಲಿ ಅಲೆದೆ, ಏನೇನನ್ನು ಕೊಂಡೆ ಎಂಬುದನ್ನು ಆಕೆ ದಿನಚರಿಯಲ್ಲಿ ಬರೆದಿಟ್ಟಳು. ಆಕೆ ತೀರಿಕೊಂಡ ಮೇಲೆ 1911ರಲ್ಲಿ ಮಗನು ಅದನ್ನು ಪ್ರಕಟಿಸಿದ. ಬೊಂಬೆಗಳಷ್ಟೇ ಬೆಲೆ ಇಂದು ಆ ಬರವಣಿಗೆಗೂ ಇದೆ.

ಮೈಸೂರಿನ ಮನೆಗಳಲ್ಲಿ ಇಂಥ ದಿನಚರಿ ಹೆಂಗಸರ ನೆನಪಿನಲ್ಲಿದೆ. ಯಾವ ಬೊಂಬೆ ಯಾರ ತವರಿನಿಂದ ಬಂತು, ಯಾವುದರ ಕೈ ಯಾವ ಮಗುವಿನಿಂದ ಮುರಿಯಿತು, ಯಾವುದು ಯಾವ ಮೆಟ್ಟಲಿನಲ್ಲಿ ಕೂರಬೇಕು, ಇವೆಲ್ಲವನ್ನೂ ವರ್ಷಕ್ಕೊಮ್ಮೆ ಪೆಟ್ಟಿಗೆಯನ್ನು ಬಿಚ್ಚುವ ಕೈಗಳೇ ಬಲ್ಲವು. ಗಂಡಸರು ಬೆಲೆಯನ್ನು ಕೇಳಿ ತಿಳಿದಿರಬಹುದು. ವಂಶಾವಳಿಯನ್ನು ತಿಳಿದವರು ಅವರು. ಆ ಕೈಗಳು ಇಲ್ಲವಾದ ಮೇಲೆ ಕೇಳುವುದಕ್ಕೆ ಯಾರೂ ಉಳಿಯುವುದಿಲ್ಲ.

ಆದುದರಿಂದ ಬರುವ ವಿಜಯದಶಮಿಯ ಮರುದಿನ, ಬೊಂಬೆಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಡುವ ಹೊತ್ತಿಗೆ, ಮನೆಯಲ್ಲಿ ಅಕ್ಷರ ಬಲ್ಲ ಒಬ್ಬರು ಕಾಗದ ಸೀಸದಕಡ್ಡಿಗಳನ್ನು ಹಿಡಿದು ಹಿರಿಯರ ಪಕ್ಕದಲ್ಲಿ ಕುಳಿತುಕೊಳ್ಳಲಿ. ಒಂದೊಂದು ಬೊಂಬೆಗೆ ಎರಡು ಸಾಲು ಸಾಕು. ಬೆನ್ನಿನ ಮೇಲೆ ಅಂಟಿಸಬಾರದು, ಮೆರುಗು ಕೆಡುತ್ತದೆ. ಜೊತೆಯಲ್ಲಿ ಸುತ್ತಿಟ್ಟರೆ ಆಯಿತು. ಇಂಗ್ಲೆಂಡಿನದೋ ಜಪಾನಿನದೋ ಎಂಬುದನ್ನು ಮುಂದೆ ಯಾರಾದರೂ ತಿಳಿದವರು ಬಂದು ಹೇಳಿಯಾರು. ಅದನ್ನು ಕೊಟ್ಟವರು ಯಾರು, ಯಾರಿಗೆ, ಏತಕ್ಕೆ ಎಂಬುದನ್ನು ಹೇಳಬಲ್ಲವರು ಈ ಹೊತ್ತು ಪಕ್ಕದಲ್ಲಿಯೇ ಕುಳಿತಿದ್ದಾರೆ.