ಹೆಂಚಿನ ದುಡ್ಡು, ಜಾವಾ ಗಾಡಿ

ಮಳೆಗಾಲಕ್ಕೆ ಮೊದಲು ಮಾಡಿನ ಹೆಂಚು ಬದಲಾಯಿಸಬೇಕೆಂದು ಕೂಡಿಟ್ಟಿದ್ದ ಹಣದಿಂದ ನಾನೊಂದು ಹಳೆಯ ಮೋಟಾರ್ ಸೈಕಲ್ಲನ್ನು ಕೊಂಡು ತಂದೆನೆಂಬ ಸಂಗತಿಯನ್ನು ಮೊದಲೇ ಒಪ್ಪಿಕೊಂಡುಬಿಡುವುದು ಲೇಸು. ಬಿಟ್ಟಂಗಾಲದ ಮಳೆಯನ್ನು ಬಲ್ಲವರಿಗೆ ಈ ಅಪರಾಧದ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿರಾಜಪೇಟೆಯಿಂದ ಗೋಣಿಕೊಪ್ಪಲಿಗೆ ಹೋಗುವ ಹಾದಿಯಲ್ಲಿರುವ ನಮ್ಮ ಊರಿಗೆ ಜೂನ್ ತಿಂಗಳಲ್ಲಿ ಬಂದಿಳಿದ ಮಳೆರಾಯನು ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ಊಟವನ್ನು ಮುಗಿಸಿಕೊಂಡೇ ಹೊರಡುವ ನೆಂಟನು. ಒಂದು ಹೆಂಚು ಒಡೆದಿದ್ದರೂ ಸಾಕು, ನಡುಮನೆಯಲ್ಲಿ ಪಾತ್ರೆಗಳ ಪಂಕ್ತಿಯೇ ಕೂರುತ್ತದೆ.

ನನ್ನ ಪತ್ನಿ ಜಗಳವಾಡಲಿಲ್ಲ. ಗಾಡಿ ಅಂಗಳಕ್ಕೆ ಬಂದಾಗ ಅದನ್ನೊಮ್ಮೆ, ಮಾಡನ್ನೊಮ್ಮೆ ನೋಡಿ, “ಮಳೆ ಬಂದರೆ ಎಲ್ಲರೂ ಇದರ ಕೆಳಗೆ ಮಲಗಬಹುದೇನ್ರೀ?” ಎಂದು ಕೇಳಿ ಒಳಗೆ ಹೋದಳು. ಜಗಳವಾಡಿದ್ದರೆ ನನ್ನಲ್ಲಿ ಉತ್ತರ ಸಿದ್ಧವಾಗಿತ್ತು. ಈ ಪ್ರಶ್ನೆಗೆ ಇರಲಿಲ್ಲ.

ಗಾಡಿ 1969ರ ಜಾವಾ. ಅದರ ಒಡೆಯರು ಸೈನ್ಯದಿಂದ ನಿವೃತ್ತರಾದ ಹಿರಿಯರು; ಊರಿನವರೆಲ್ಲ ಅವರನ್ನು ಸುಬೇದಾರರೆಂದೇ ಕರೆಯುವುದು. ಅವರಿಗೆ ಎಂಬತ್ತು ದಾಟಿದೆ, ಮೊಣಕಾಲು ಮಡಿಸಲು ಬಾರದು, ಕಣ್ಣು ಮಂಜಾಗಿದೆ. ರಜೆಯಲ್ಲಿ ಬಂದಿದ್ದಾಗ ಸಂಬಳದ ಉಳಿತಾಯದಿಂದ ಮೈಸೂರಿನಲ್ಲಿ ಕೊಂಡು, ಹುಣಸೂರಿನ ಮೇಲೆ ಓಡಿಸಿಕೊಂಡು ಬಂದ ಗಾಡಿಯಂತೆ. ನಾನು ಬಾಲಕನಾಗಿದ್ದಾಗ ಕಾಫಿ ತೋಟದ ಆಚೆಯಿಂದ ಅದರ ಶಬ್ದ ಕೇಳಿದೊಡನೆ ಬೇಲಿಯ ಬಳಿಗೆ ಓಡುತ್ತಿದ್ದೆ. ಬೆಲೆ ಮಾತನಾಡಿ 65,000 ರೂಪಾಯಿಗಳನ್ನು ಎಣಿಸಿಕೊಟ್ಟ ಮೇಲೆ ಅವರು ಒಂದು ಷರತ್ತನ್ನು ಹಾಕಿದರು: “ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಒಮ್ಮೆ ಹೋಗಬೇಕು ಮೇಷ್ಟ್ರೆ. ನಿಲ್ಲಿಸುವುದು ಬೇಡ. ಶಬ್ದ ಕೇಳಿದರೆ ಸಾಕು.” ಇಷ್ಟು ಸುಲಭದ ಷರತ್ತನ್ನು ಯಾರು ಒಪ್ಪರು? ಒಪ್ಪಿದೆ.

ಜಾವಾ ಹುಟ್ಟಿದ್ದು ದೂರದ ಪ್ರಾಗ್ ನಗರದಲ್ಲಿ, 1929ರಲ್ಲಿ. ಯಾನೆಚೆಕ್ ಎಂಬ ಉದ್ಯಮಿಯು ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ಎರಡು ಹೆಸರುಗಳ ಮೊದಲಕ್ಷರಗಳನ್ನು ಸಂಧಿ ಮಾಡಿದನು. ಅದು ಕನ್ನಡದ್ದಾದದ್ದು 1961ರಲ್ಲಿ, ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು ಗಾಡಿಗಳನ್ನು ತಯಾರಿಸಲು ತೊಡಗಿದಾಗ. 1973ರಿಂದ ಅಲ್ಲಿಯ ಗಾಡಿಗಳಿಗೆ ಯೆಜ್ದಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರು ಮರಳಿ ಬಂದಿತಾದರೂ, ಆ ಹೊಸ ಎಂಜಿನ್ನನ್ನು ತಣಿಸುವುದು ದ್ರವ. ನನ್ನದನ್ನು ತಣಿಸುವುದು ಬರಿಯ ಗಾಳಿ.

ಈ ವ್ಯತ್ಯಾಸವು ಚಿಕ್ಕದೆಂದು ಓದುಗರು ಭಾವಿಸಬಾರದು. ಗಾಳಿಯಿಂದ ತಣಿಯುವ ಎಂಜಿನ್ನಿಗೆ ರೇಡಿಯೇಟರ್ ಇಲ್ಲ, ನೀರಿನ ಕೊಳವೆಯಿಲ್ಲ. ಸಿಲಿಂಡರಿನ ಸುತ್ತ ತೆಳ್ಳನೆಯ ಲೋಹದ ರೆಕ್ಕೆಗಳಿರುತ್ತವೆ; ಗಾಡಿ ಓಡುವಾಗ ಗಾಳಿಯು ಅವುಗಳ ನಡುವೆ ನುಗ್ಗಿ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಈ ಗುಣಕ್ಕೆ ಮನಸೋತವರು ಲೋಕದಲ್ಲೆಲ್ಲ ಇದ್ದಾರೆ. ಪೋರ್ಷೆ ಸಂಸ್ಥೆಯು ತನ್ನ 911 ಕಾರಿನ ಗಾಳಿ ತಣಿಸುವ ಎಂಜಿನ್ನನ್ನು 1998ರಲ್ಲಿ ಕೈಬಿಟ್ಟಿತು. ಅದೇ ಜಾತಿಯ ಎಂಜಿನ್ನುಳ್ಳ ಫೋಕ್ಸ್‌ವಾಗನ್ ಬೀಟಲ್ ಕಾರಿನ ಕೊನೆಯ ಗಾಡಿ 2003ರಲ್ಲಿ ಮೆಕ್ಸಿಕೋ ದೇಶದ ಕಾರ್ಖಾನೆಯಿಂದ ಹೊರಬಂತು. ಅಂಥ ಹಳೆಯ ಪೋರ್ಷೆಗಾಗಿ ಮನೆಯನ್ನೇ ಮಾರುವಷ್ಟು ಬೆಲೆ ತೆರುವವರೂ ಇದ್ದಾರಂತೆ. ನಾನು ಹೆಂಚನ್ನಷ್ಟೇ ಮಾರಿದೆನೆಂದು ಪತ್ನಿಗೆ ಹೇಳಿ ನೋಡಿದೆ. ಆಕೆಗೆ ಸಮಾಧಾನವಾದಂತೆ ಕಾಣಲಿಲ್ಲ.

ನನ್ನ ಜಾವಾಕ್ಕೆ ಒಂದೇ ಸಿಲಿಂಡರ್, ಆದರೆ ಹೊಗೆಕೊಳವೆ ಎರಡು. ಗೇರ್ ಹಾಕುವ ಲಿವರನ್ನೇ ಒಳಕ್ಕೊತ್ತಿ ತಿರುಗಿಸಿದರೆ ಅದೇ ಕಿಕ್ಕರ್. ಅಲಂಕಾರಶಾಸ್ತ್ರದ ಶ್ಲೇಷೆಯಂತೆ ಒಂದು ಶಬ್ದಕ್ಕೆ ಎರಡು ಅರ್ಥ. ಇದರ ಒಳಗುಟ್ಟನ್ನು ನನಗೆ ಕಲಿಸಿದವರು ವಿರಾಜಪೇಟೆಯ ಮುದಿ ಮೆಕ್ಯಾನಿಕ್. ಎಲ್ಲರಿಗೂ ಅವರು ಕಾಕಾ. “ಸಾರ್, ಇದಕ್ಕೆ ಎಣ್ಣೆಯ ಬೇರೆ ಮನೆಯಿಲ್ಲ,” ಎಂದರು ಅವರು. “ಪೆಟ್ರೋಲಿನ ಜೊತೆಯಲ್ಲೇ ಎಣ್ಣೆ ಹೋಗಬೇಕು. ಲೀಟರಿಗೆ 40 ಮಿಲಿಲೀಟರ್. ಊಟ ಮರೆತರೂ ಇದನ್ನು ಮರೆಯಬೇಡಿ.” ಪ್ಲಗ್ಗಿನ ಮಸಿ ತೆಗೆಯುವುದು, ಪಾಯಿಂಟಿನ ನಡುವೆ 0.4 ಮಿಲಿಮೀಟರ್ ಸಂದು ಬಿಡುವುದು, ಗಾಡಿ ನಿಲ್ಲಿಸಿಡುವ ದಿನಗಳಲ್ಲಿ ಪೆಟ್ರೋಲನ್ನು ಇಳಿಸಿಬಿಡುವುದು, ಇವೆಲ್ಲವನ್ನೂ ಕಲಿತೆ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿದ್ದು ಅದು ತೇವವನ್ನು ಹೀರುವುದರಿಂದ, ಕೊಡಗಿನ ಮಳೆಗಾಲದಲ್ಲಿ ಈ ಕಡೆಯ ಮಾತು ಮುಖ್ಯವಾದುದು.

ಮೂರು ಭಾನುವಾರಗಳು ಸುಖವಾಗಿ ಕಳೆದವು. ಸುಬೇದಾರರ ಗೇಟಿನ ಮುಂದೆ ಹೋಗುವಾಗ ಜಗಲಿಯ ಮೇಲಿನಿಂದ ಒಂದು ಕೈ ಮೇಲೇಳುತ್ತಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ ಗೋಣಿಕೊಪ್ಪಲಿನಲ್ಲಿ ಐದು ಲೀಟರ್ ಪೆಟ್ರೋಲ್ ಹಾಕಿಸುತ್ತಿದ್ದೆ. ಹಳೆಯ ವಿದ್ಯಾರ್ಥಿಯೊಬ್ಬ ಎದುರಾಗಿ, ಪರೀಕ್ಷೆಯೊಂದಕ್ಕೆ ಓದುತ್ತಿರುವುದಾಗಿ ಹೇಳಿ ರಗಳೆಯ ಲಕ್ಷಣವನ್ನು ಕೇಳಿದನು. ಪಾಠ ಹೇಳುವವನಿಗೆ ಇದಕ್ಕಿಂತ ದೊಡ್ಡ ಪ್ರಲೋಭನೆ ಬೇರೆಯುಂಟೇ? ಮಾತ್ರೆಗಳನ್ನು ಬೆರಳೆಣಿಸಿ ವಿವರಿಸಿದೆ. ಎಣ್ಣೆಯ ಅಳತೆಯನ್ನು ಮರೆತೆ. ಊರು ಇನ್ನೇನು ಎರಡು ಕಿಲೋಮೀಟರ್ ಎನ್ನುವಾಗ ಎಂಜಿನ್ನಿನ ದನಿ ಸಣ್ಣದಾಯಿತು, ವೇಗ ಕುಗ್ಗಿತು, ಹಿಂದಿನ ಚಕ್ರ ಸಿಕ್ಕಿಕೊಂಡು ಗಾಡಿ ರಸ್ತೆಯ ಬದಿಗೆ ಜಾರಿ ನಿಂತಿತು. ಎಣ್ಣೆಯಿಲ್ಲದ ಪಿಸ್ಟನ್ ಬಿಸಿಯಲ್ಲಿ ಉಬ್ಬಿ ಸಿಲಿಂಡರಿನ ಗೋಡೆಯನ್ನು ಕಚ್ಚಿಕೊಂಡಿತ್ತು. ಐವತ್ತು ವರ್ಷ ಮೀರಿ ಬಾಳಿದ ಯಂತ್ರವನ್ನು ನಾನು ಒಂದು ತಿಂಗಳೊಳಗೆ ಕೆಡಿಸಿದ್ದೆ.

ಕಾಕಾ ಬೈಯಲಿಲ್ಲ. ಗೀರು ಬಿದ್ದ ಪಿಸ್ಟನ್ನನ್ನು ನನ್ನ ಅಂಗೈಯಲ್ಲಿಟ್ಟು, ಸಿಲಿಂಡರನ್ನು ಕೊರೆಸಿ ದೊಡ್ಡ ಅಳತೆಯ ಪಿಸ್ಟನ್ ಕೂರಿಸಬೇಕೆಂದೂ ಎರಡು ವಾರ ಹಿಡಿಯುವುದೆಂದೂ ತಿಳಿಸಿದರು.

ಅಂದಿನಿಂದ ನಾನು ಸುಬೇದಾರರ ಮನೆಯ ದಾರಿಯನ್ನೇ ತಪ್ಪಿಸಿದೆ. ಕೇಳಿದರೆ ಗಾಡಿಗೆ ಬಣ್ಣ ಹೊಡೆಸುತ್ತಿದ್ದೇನೆಂದು ಹೇಳುವುದೆಂದು ಒಂದು ಸುಳ್ಳನ್ನೂ ಹೊಂದಿಸಿಕೊಂಡಿದ್ದೆ. ಎರಡು ಭಾನುವಾರ ಕಳೆದವು. ಎರಡನೆಯ ಭಾನುವಾರ ರಾತ್ರಿ ಪತ್ನಿ ಊಟ ಬಡಿಸುತ್ತ, “ಗಾಡಿ ಕೆಟ್ಟರೆ ರಿಪೇರಿ ಮಾಡಿಸಬಹುದು. ಆ ಹಿರಿಯರು ಕಾಯುತ್ತ ಕುಳಿತಿರುತ್ತಾರಲ್ಲ,” ಎಂದಳು. ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನ ನಡೆದೇ ಹೋದೆ. ನನ್ನ ಹೆಜ್ಜೆಯ ಸಪ್ಪಳಕ್ಕೆ ಮುಖವೆತ್ತಿದ ಸುಬೇದಾರರು, “ಮೊದಲನೆಯ ಭಾನುವಾರ ನಿಮಗೆ ಕೆಲಸವಿದ್ದೀತು ಎಂದುಕೊಂಡೆ. ನಿನ್ನೆ, ಮಾರಿಬಿಟ್ಟಿರಿ ಎಂದುಕೊಂಡೆ,” ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಹೊಂದಿಸಿಟ್ಟ ಸುಳ್ಳು ಬಾಯಿಗೆ ಬರಲಿಲ್ಲ. ರಗಳೆಯಿಂದ ಮೊದಲುಗೊಂಡು ಪಿಸ್ಟನ್ನಿನವರೆಗೆ ಎಲ್ಲವನ್ನೂ ಹೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದರು. ಮರಳಿ ಬಂದಾಗ ಕೈಯಲ್ಲಿ ಒಂದು ಹಳೆಯ ಪಿಸ್ಟನ್ ಇತ್ತು; ಅದರ ಮೈಮೇಲೂ ಅದೇ ಗೀರುಗಳು. “ನನ್ನ ಮದುವೆಯ ವಾರ,” ಎಂದರು. “ಹೊಸ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡಿದ್ದೆ. ಎಣ್ಣೆಯ ನೆನಪು ಯಾರಿಗಿರುತ್ತದೆ? ಮೂರು ಮೈಲಿ ನಡೆಸಿಕೊಂಡು ಬಂದೆ. ಅವಳು ಸಾಯುವ ತನಕ ನನ್ನನ್ನು ಹಂಗಿಸಿದಳು.” ಬಹಳ ಹೊತ್ತು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ಹೊರಡುವಾಗ ಆ ಪಿಸ್ಟನ್ನನ್ನು ನನಗೇ ಕೊಟ್ಟರು. ಈಗ ನನ್ನ ಮೇಜಿನ ಮೇಲೆ ಎರಡೂ ಪಕ್ಕಪಕ್ಕದಲ್ಲಿ ಕುಳಿತು ಕಾಗದಗಳು ಹಾರದಂತೆ ಕಾಯುತ್ತಿವೆ.

ಉತ್ತರಪತ್ರಿಕೆಗಳ ಮೌಲ್ಯಮಾಪನದಿಂದ ಬಂದ ಸಂಭಾವನೆಯಲ್ಲಿ ಒಂದು ಪಾಲು ಕಾಕಾ ಅವರಿಗೆ, ಉಳಿದುದು ಹೆಂಚಿಗೆ ಸಂದಿತು. ಅಡುಗೆಮನೆಯ ಮೂಲೆಯೊಂದು ಮಾತ್ರ ಉಳಿದುಹೋಗಿ, ಅಲ್ಲಿ ಇನ್ನೂ ಒಂದು ಪಾತ್ರೆಯನ್ನಿಡಬೇಕಾಗಿದೆ. ಹೊಸ ಪಿಸ್ಟನ್ ಪಳಗುವವರೆಗೆ ಮೆಲ್ಲಗೆ ಓಡಿಸಬೇಕೆಂದು ಕಾಕಾ ಹೇಳಿರುವುದರಿಂದ, ಸುಬೇದಾರರ ಗೇಟಿನ ಮುಂದೆ ಶಬ್ದವು ಮೊದಲಿಗಿಂತ ಹೆಚ್ಚು ಹೊತ್ತು ಕೇಳುತ್ತದೆ. ಮಳೆ ಬಿಡುವು ಕೊಟ್ಟ ಭಾನುವಾರಗಳಲ್ಲಿ ಪತ್ನಿಯೂ ಹಿಂದೆ ಕೂರುತ್ತಾಳೆ. ಕೂರುವುದಕ್ಕೆ ಮೊದಲು ತಪ್ಪದೆ ಕೇಳುತ್ತಾಳೆ: “ಎಣ್ಣೆ ಹಾಕಿದಿರಾ?”