ಬಾಗಿಲು ತೆರೆದಿದೆ, ದಿನಗಳಿಗೆ ಲೆಕ್ಕವಿದೆ

ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯಲ್ಲಿ ಕಿತ್ತೂರು ಸಿಗುತ್ತದೆ. ಹೆಚ್ಚಿನವರು ಬಸ್ಸಿನ ಕಿಟಕಿಯಿಂದಲೇ ನೋಡಿ ಮುಂದೆ ಸಾಗುತ್ತಾರೆ. ಮಕ್ಕಳಿಗೆ ರಜೆ ಇದ್ದಾಗ ಒಮ್ಮೆ ಅಲ್ಲಿ ಇಳಿಯಿರಿ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರುಗಳನ್ನು ಎರಡು ದಿನಗಳಲ್ಲಿ ಆರಾಮವಾಗಿ ನೋಡಬಹುದು. ಯಾರ ಅಪ್ಪಣೆಯೂ ಬೇಕಿಲ್ಲ. ಇಂದು ಹೋಗಿ ನಾಳೆ ಮತ್ತೆ ಹೋದರೂ ಯಾಕೆ ಬಂದಿರಿ, ಎಷ್ಟು ದಿನ ಇರುತ್ತೀರಿ ಎಂದು ಕೇಳುವವರಿಲ್ಲ. ಈ ಸ್ವಾತಂತ್ರ್ಯದ ಬೆಲೆ ಮಗಳನ್ನು ಪರದೇಶಕ್ಕೆ ಕಳುಹಿಸಿದ ತಾಯಂದಿರಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಈ ಊರುಗಳ ಜೊತೆಗೆ ಅವರಿಗೆ ಉಪಯೋಗವಾಗುವ ನಾಲ್ಕು ಮಾತುಗಳನ್ನೂ ಹೇಳುತ್ತೇನೆ.

ಕಿತ್ತೂರಿನ ಕೋಟೆ ಇಂದು ಪಾಳುಬಿದ್ದಿದೆ. ಆದರೂ ಅರಮನೆಯ ಗೋಡೆಗಳ ನಡುವೆ ನಿಂತರೆ ಅದರ ಗತವೈಭವವನ್ನು ಊಹಿಸಬಹುದು. ದತ್ತುಪುತ್ರನ ಹಕ್ಕನ್ನು ಇಂಗ್ಲಿಷರು ಒಪ್ಪದೆ ಹೋದಾಗ ರಾಣಿ ಚೆನ್ನಮ್ಮ ಯುದ್ಧಕ್ಕೆ ನಿಂತರು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಇಲ್ಲಿಯೇ ಹತನಾದ. ಅದೇ ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ಗೆದ್ದುಕೊಂಡಿತು. ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು.

ಕಿತ್ತೂರಿನಿಂದ ಬೈಲಹೊಂಗಲಕ್ಕೆ ಬಸ್ಸಿನಲ್ಲಿ ಬಹಳ ಹೊತ್ತೇನೂ ಬೇಕಾಗುವುದಿಲ್ಲ. ದಾರಿಯುದ್ದಕ್ಕೂ ಎರೆಮಣ್ಣಿನ ಹೊಲಗಳು. ಊರಿನಲ್ಲಿ ಚೆನ್ನಮ್ಮನ ಸಮಾಧಿ ಇದೆ. 1829ರಲ್ಲಿ ಸೆರೆಯಲ್ಲಿಯೇ ಅವರು ಕೊನೆಯುಸಿರೆಳೆದರು. ಇಷ್ಟು ಹತ್ತಿರದಲ್ಲಿದ್ದ ತಮ್ಮೂರಿಗೆ ಮರಳಿ ಹೋಗಲು ಅವರಿಗೆ ಸಾಧ್ಯವಾಗಲಿಲ್ಲ. ಒಂದು ಊರಿಗೆ ಹೋಗುವುದು, ಅಲ್ಲಿ ಇರುವುದು, ಮತ್ತೆ ಹೋಗುವುದು ಇವೆಲ್ಲ ಆಳುವವರ ಅನುಮತಿಯ ಮೇಲೆ ನಿಂತಿರುತ್ತವೆ ಎಂಬುದು ಆ ಸಮಾಧಿಯ ಮುಂದೆ ಅರ್ಥವಾಗುತ್ತದೆ.

ಈಗ ನಮ್ಮ ಮನೆಗಳ ಮಾತಿಗೆ ಬರೋಣ. ಮಗಳು ಮಲೇಷ್ಯಾದಲ್ಲಿದ್ದಾಳೆ, ಹೆರಿಗೆ ಹತ್ತಿರವಾಗಿದೆ ಎಂದಿಟ್ಟುಕೊಳ್ಳಿ. 2023ರ ಡಿಸೆಂಬರ್ 1ರಿಂದ ಭಾರತೀಯರು ಅಲ್ಲಿಗೆ ವೀಸಾ ಇಲ್ಲದೆ ಹೋಗಬಹುದು. ಈ ರಿಯಾಯಿತಿಯನ್ನು 2026ರ ಡಿಸೆಂಬರ್ 31ರವರೆಗೆ ವಿಸ್ತರಿಸಲಾಗಿದೆ. ತಾಯಿ ಸಂತೋಷದಿಂದ ಟಿಕೆಟ್ ಮಾಡಿಸುತ್ತಾಳೆ. ಆದರೆ ಆ ರಿಯಾಯಿತಿ ಇರುವುದು 30 ದಿನಗಳಿಗೆ ಮಾತ್ರ. ನಮ್ಮಲ್ಲಿ ಬಾಣಂತನಕ್ಕೆ 40 ದಿನಗಳು ಬೇಕು. ಹೆರಿಗೆಗೆ ವಾರ ಮೊದಲೇ ಹೋದರೆ ಮಗುವಿಗೆ ಇಪ್ಪತ್ತಮೂರು ದಿನವಾಗುವಾಗಲೇ ಅಜ್ಜಿ ಗಂಟುಮೂಟೆ ಕಟ್ಟಬೇಕು.

‘ಒಮ್ಮೆ ಪಕ್ಕದ ದೇಶಕ್ಕೆ ಹೋಗಿ ಬಂದರೆ ಮತ್ತೆ 30 ದಿನ ಸಿಗುತ್ತದಲ್ಲ’ ಎಂದು ಹೇಳುವವರಿದ್ದಾರೆ. ಇದನ್ನು ನಂಬಿ ಹೊರಡಬೇಡಿ. ಪಕ್ಕದ ಸಿಂಗಾಪುರಕ್ಕೆ ಭಾರತೀಯರಿಗೆ ವೀಸಾ ಬೇಕು. ಮರಳಿ ಬಂದಾಗ ಒಳಗೆ ಬಿಡುವುದೂ ಬಿಡದಿರುವುದೂ ಗಡಿಯ ಅಧಿಕಾರಿಯ ತೀರ್ಮಾನ. ಮಗಳ ಮನೆಯಲ್ಲಿ ಬಾಣಂತಿ, ವಿಮಾನ ನಿಲ್ದಾಣದಲ್ಲಿ ತಾಯಿ ಎಂಬ ಸ್ಥಿತಿ ಬರಬಾರದು. ಕೆಲವು ದರ್ಜೆಯ ಉದ್ಯೋಗ ಪಾಸ್ ಇರುವವರು ಹೆತ್ತವರಿಗಾಗಿ ದೀರ್ಘಾವಧಿ ಭೇಟಿ ಪಾಸ್ ಕೇಳಲು ಅಲ್ಲಿ ಅವಕಾಶವಿದೆ. ಹೆರಿಗೆಗೆ ಮೂರು ತಿಂಗಳು ಇರುವಾಗಲೇ ಅಳಿಯಂದಿರು ಇದನ್ನು ವಿಚಾರಿಸಲಿ.

ದುಬೈಗೆ ಹೋಗುವ ತಾಯಂದಿರ ತೊಂದರೆ ಬೇರೆ. ಭೇಟಿ ವೀಸಾ ಸಾಮಾನ್ಯವಾಗಿ 30 ಅಥವಾ 60 ದಿನಗಳದ್ದು. ಅದು ಒಂದೇ ಪ್ರವೇಶದ್ದೋ, ಹಲವು ಪ್ರವೇಶಗಳದ್ದೋ ಎಂದು ನೋಡಿಕೊಳ್ಳಬೇಕು. ಒಂದೇ ಪ್ರವೇಶದ ವೀಸಾದಲ್ಲಿ ಹೋದವರು ಅಲ್ಲಿಂದ ಉಮ್ರಾಕ್ಕೆ ಹೊರಟರೆ, ದಿನಗಳು ಉಳಿದಿದ್ದರೂ ದುಬೈಯ ವೀಸಾ ಅಲ್ಲಿಗೇ ಮುಗಿಯಿತು. ಮರಳಲು ಹೊಸ ವೀಸಾ ಬೇಕು.

ಹಲವು ಪ್ರವೇಶ ಇದ್ದರೂ ದಿನಗಳ ಲೆಕ್ಕ ತಪ್ಪುವುದಿಲ್ಲ. ಯುರೋಪಿನ 29 ದೇಶಗಳ ಶೆಂಗೆನ್ ವಲಯದಲ್ಲಿ ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಮಾತ್ರ ಇರಬಹುದು. ವೀಸಾ ಐದು ವರ್ಷಗಳದ್ದಾದರೂ ನಿಯಮ ಇದೇ. 2025ರ ಅಕ್ಟೋಬರ್ 12ರಿಂದ ಅಲ್ಲಿ ಬೆರಳಚ್ಚು, ಭಾವಚಿತ್ರ ಪಡೆದು ಯಂತ್ರವೇ ಲೆಕ್ಕವಿಡುವ ವ್ಯವಸ್ಥೆ ಆರಂಭವಾಗಿದೆ. ಇರಾನ್ 2024ರ ಫೆಬ್ರವರಿ 4ರಿಂದ ನಮಗೆ ವೀಸಾರಹಿತ ಪ್ರವೇಶ ಕೊಟ್ಟಿತ್ತು. ಆರು ತಿಂಗಳಿಗೆ ಒಮ್ಮೆ ಮಾತ್ರ, 15 ದಿನಗಳಿಗೆ ಮಾತ್ರ. ಕೆಲಸದ ಆಮಿಷ ತೋರಿಸಿ ಕರೆದೊಯ್ದು ಅಪಹರಿಸುವ ಪ್ರಕರಣಗಳು ನಡೆದ ಮೇಲೆ 2025ರ ನವೆಂಬರ್ 22ರಿಂದ ಅದನ್ನೂ ನಿಲ್ಲಿಸಲಾಯಿತು. ಕೊಟ್ಟ ರಿಯಾಯಿತಿ ಒಂದೇ ದಿನದಲ್ಲಿ ಇಲ್ಲವಾಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಬೈಲಹೊಂಗಲದಿಂದ ಪೂರ್ವಕ್ಕೆ ಹೊರಟರೆ ಸವದತ್ತಿ. ಮಲಪ್ರಭೆಗೆ ಕಟ್ಟಿದ ನವಿಲುತೀರ್ಥ ಅಣೆಕಟ್ಟು, ಊರ ಕೋಟೆ ನೋಡಬೇಕಾದವು. ಯಲ್ಲಮ್ಮನ ಗುಡ್ಡದ ಜಾತ್ರೆಗೆ ಮಹಾರಾಷ್ಟ್ರ, ಗೋವಾಗಳಿಂದಲೂ ಜನ ಬರುತ್ತಾರೆ. ಬೇಕಾದಷ್ಟು ದಿನ ತಂಗಿ, ಬೇಕಾದಷ್ಟು ಸಲ ಬರುತ್ತಾರೆ. ಒಂದು ದೇಶದೊಳಗೆ ಇದು ಸಹಜ. ದೇಶದ ಆಚೆ ನಮಗೆ ಇಂತಹ ಸಲಿಗೆ ಸಿಗುವುದು ನೇಪಾಳದಲ್ಲಿ. 1950ರ ಒಪ್ಪಂದದ ಪ್ರಕಾರ ಅಲ್ಲಿಗೆ ಹೋಗಲು, ಅಲ್ಲಿ ವಾಸಿಸಲು ವೀಸಾ ಬೇಕಿಲ್ಲ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಒಯ್ದರೆ ಸಾಕು.

ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವಾಗ ಹಿಂದಿನ ಒಂದು ಗಡಿ ದಾಟುತ್ತೇವೆ. ಆದರೆ ಅದು ನಮ್ಮ ಗಮನಕ್ಕೆ ಬರುವುದಿಲ್ಲ. ಸವದತ್ತಿ ಮುಂಬೈ ಪ್ರಾಂತ್ಯದಲ್ಲಿ ಇಂಗ್ಲಿಷರ ಆಡಳಿತದಲ್ಲಿತ್ತು. ರಾಮದುರ್ಗ ಭಾವೆ ಮನೆತನದ ಸಂಸ್ಥಾನವಾಗಿತ್ತು. 1948ರಲ್ಲಿ ಸಂಸ್ಥಾನ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾಯಿತು, 1956ರಲ್ಲಿ ಎರಡೂ ಮೈಸೂರು ರಾಜ್ಯಕ್ಕೆ ಸೇರಿದವು. ಇಂದು ನೇಕಾರರ ಈ ಊರಿಗೆ ಸೀರೆ ಕೊಳ್ಳಲು ಹೋಗುವ ಹೆಣ್ಣುಮಕ್ಕಳಿಗೆ ಆ ಗಡಿ ಎಲ್ಲಿತ್ತೆಂದೂ ತಿಳಿಯದು.

ಹೀಗೆ ಗಡಿ ಹಗುರವಾಗುವ ದಾರಿಯೊಂದು ಪರದೇಶದ ಪೌರತ್ವ ಪಡೆದ ನಮ್ಮ ಮಕ್ಕಳು, ಮೊಮ್ಮಕ್ಕಳಿಗೂ ಇದೆ. ಅದು 2006ರಲ್ಲಿ ಆರಂಭವಾದ ಒಸಿಐ ಕಾರ್ಡ್. ಇದು ಇದ್ದವರು ಜೀವನಪರ್ಯಂತ ಎಷ್ಟು ಸಲ ಬೇಕಾದರೂ ಭಾರತಕ್ಕೆ ಬರಬಹುದು, ಎಷ್ಟು ದಿನ ಬೇಕಾದರೂ ಇರಬಹುದು. ಪ್ರವಾಸಿ ವೀಸಾದಲ್ಲಿ ಈ ಅನುಕೂಲವಿಲ್ಲ. ಆದರೆ ಕಾರ್ಡ್ ಇದ್ದರೂ ಮತದ ಹಕ್ಕಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ. ತಬ್ಲೀಗ್, ಪತ್ರಿಕಾ ಕೆಲಸ, ಸಂಶೋಧನೆಗಳಿಗೆ ಮುಂಚಿತವಾಗಿ ವಿಶೇಷ ಅನುಮತಿ ಪಡೆಯಬೇಕು. ರಜೆಗೆ ಬಂದ ಮಗ ಜಮಾಅತಿನೊಂದಿಗೆ ಹೊರಡುವ ಮೊದಲು ಇದನ್ನು ಅವನಿಗೆ ನೆನಪಿಸಿ.

ಸಹೋದರಿಯರೇ, ಇನ್ನೊಬ್ಬರ ಮನೆಯ ಹೊಸ್ತಿಲಲ್ಲಿ ಸಲಾಮ್ ಹೇಳಿ, ಅನುಮತಿ ಸಿಕ್ಕ ಮೇಲೆ ಒಳಗೆ ಹೋಗುವುದು ನಮಗೆ ಹೊಸತಲ್ಲ. ದೇಶಗಳ ಹೊಸ್ತಿಲಿಗೂ ಅದೇ ಮರ್ಯಾದೆ. ಟಿಕೆಟ್ ಮಾಡಿಸುವ ಮೊದಲು ಮೂರು ಪ್ರಶ್ನೆ ಕೇಳಿ: ಎಷ್ಟು ದಿನ ಇರಬಹುದು? ಹೊರಗೆ ಹೋದರೆ ಮತ್ತೆ ಬರಬಹುದೇ? ಈ ನಿಯಮ ಯಾವ ದಿನಾಂಕದವರೆಗೆ ಇದೆ? ಉತ್ತರವನ್ನು ಏಜೆಂಟರ ಬಾಯಿಂದಲ್ಲ, ಆ ದೇಶದ ರಾಯಭಾರ ಕಚೇರಿಯಿಂದಲೇ ಪಡೆಯಿರಿ. ದಿನಗಳನ್ನು ಕ್ಯಾಲೆಂಡರಿನಲ್ಲಿ ನೀವೇ ಎಣಿಸಿ ಗುರುತು ಹಾಕಿ. ಮೊಮ್ಮಗುವನ್ನು ಎತ್ತಿಕೊಂಡ ಸಂತೋಷದಲ್ಲಿ ದಿನಗಳು ಸರಿದದ್ದು ತಿಳಿಯುವುದಿಲ್ಲ.