ರಾಗಿ ಹೊಲದಲ್ಲಿ ರಾಕೆಟ್ಟು

ಅಮೆರಿಕದ ನೆವಾಡಾ ರಾಜ್ಯದಲ್ಲಿ ಬ್ಲ್ಯಾಕ್ ರಾಕ್ ಎಂಬ ಮರುಭೂಮಿಯಿದೆ. ರಾಕೆಟ್ ಹುಚ್ಚು ಹಿಡಿದ ಹವ್ಯಾಸಿಗಳಿಗೆ ಅದು ಜಾತ್ರೆ ಮಾಳವಿದ್ದಂತೆ. ತಾವೇ ಕಟ್ಟಿದ ಆಳೆತ್ತರದ ರಾಕೆಟ್ಟುಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದು ಹಾರಿಸುತ್ತಾರೆ. 2004ರ ಮೇ ತಿಂಗಳಲ್ಲಿ ಅಲ್ಲಿಂದ ಹಾರಿದ ಹವ್ಯಾಸಿಗಳ ರಾಕೆಟ್ಟೊಂದು 100 ಕಿಲೋಮೀಟರಿಗೂ ಮೇಲೇರಿ ಅಂತರಿಕ್ಷವನ್ನೇ ಮುಟ್ಟಿ ಬಂತು. ಅವರು ಮರುಭೂಮಿಗೆ ಹೋಗುವ ಕಾರಣ ಸರಳ. ಮೇಲೆ ಹೋದದ್ದು ಕೆಳಗೆ ಬೀಳಲೇಬೇಕು. ಬೀಳುವ ಕಡೆ ಯಾರ ತಲೆಯೂ ಇರಬಾರದು.

ನಮ್ಮ ಮಂಡ್ಯ ಸೀಮೆಯಲ್ಲಿ ಮರುಭೂಮಿಯನ್ನು ಎಲ್ಲಿಂದ ತರೋಣ? ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ನಾಲೆ ನೀರು. ಕಬ್ಬಿನ ಗದ್ದೆಗೆ ಬಿದ್ದ ರಾಕೆಟ್ಟು ಕಟಾವಿನವರೆಗೆ ಸಿಗುವುದಿಲ್ಲ. ಹಾಗಾಗಿ ನಾನು ಪ್ರತಿ ವರ್ಷ ಫೆಬ್ರವರಿಯಲ್ಲೊಂದು ಭಾನುವಾರ ಹುಡುಗರನ್ನು ಕರೆದುಕೊಂಡು ನಾಗಮಂಗಲದ ಕಡೆಗೆ ಹೋಗುತ್ತೇನೆ. ರಾಗಿ ಕುಯ್ದು, ಮೆದೆ ಒಟ್ಟಿ ಆದ ಮೇಲೆ ಆ ಬೆದ್ದಲು ಹೊಲಗಳೇ ನಮ್ಮ ಪಾಲಿನ ಮರುಭೂಮಿ. ಹೊಲದ ಯಜಮಾನರ ಕರಾರು ಒಂದೇ: ಮೆದೆಯ ಹತ್ತಿರ ಬೆಂಕಿ ಸುಳಿಯಕೂಡದು.

ನಮ್ಮ ರಾಕೆಟ್ಟಿಗೆ ಬೆಂಕಿಯೇ ಬೇಕಿಲ್ಲ. ಮದ್ದು ತುಂಬಿ ಕೈ ಸುಟ್ಟುಕೊಳ್ಳುವ ಆಟವನ್ನು ನಾನು ಯಾವ ಮಗುವಿಗೂ ಹೇಳಿಕೊಡುವುದಿಲ್ಲ. ಮನೆಯಲ್ಲಿ ಮದ್ದು ಕಲಸುವುದು ಕಾನೂನಿಗೂ ವಿರುದ್ಧ, ಬೆರಳಿಗೂ ವಿರುದ್ಧ. ನಮ್ಮದು ಎರಡು ಲೀಟರಿನ ಸೋಡಾ ಪಾನೀಯದ ಪ್ಲಾಸ್ಟಿಕ್ ಬಾಟಲಿ. ಬರೀ ನೀರು ಮಾರುವ ತೆಳು ಬಾಟಲಿ ಒತ್ತಡ ತಡೆಯುವುದಿಲ್ಲ. ಗ್ಯಾಸ್ ತುಂಬಿದ ಪಾನೀಯದ್ದೇ ಆಗಬೇಕು. ಅದಕ್ಕೆ ರಟ್ಟಿನ ಮೂರು ರೆಕ್ಕೆ, ಒಳಗೆ ಒಂದಿಷ್ಟು ನೀರು. ಬಾಯಿ ಕೆಳಗೆ ಮಾಡಿ ಕಬ್ಬಿಣದ ಸ್ಟ್ಯಾಂಡಿಗೆ ಸಿಕ್ಕಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆಯುವುದು. ಪಂಕ್ಚರ್ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ 60 ಪೌಂಡ್. ಆಮೇಲೆ ಎಲ್ಲರೂ ದೂರ ನಿಂತು ಹಗ್ಗ ಎಳೆದರೆ ಕೊಂಡಿ ಬಿಚ್ಚುತ್ತದೆ. ಗಾಳಿ ನೀರನ್ನು ಕೆಳಕ್ಕೆ ತಳ್ಳುತ್ತದೆ, ಬಾಟಲಿ ಮೇಲಕ್ಕೆ ಚಿಮ್ಮುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಹುಡುಗರ ಮುಖಕ್ಕೆ ತುಂತುರು ಎರಚಿ ಹೋಗುತ್ತದೆ.

ಹಾರಿಸುವುದು ಅರ್ಧ ಕೆಲಸ, ಅಳೆಯುವುದು ಇನ್ನರ್ಧ. ಸ್ಟ್ಯಾಂಡಿನಿಂದ ಸರಿಯಾಗಿ 50 ಮೀಟರ್ ದೂರದಲ್ಲಿ ಒಬ್ಬರು ನಿಲ್ಲಬೇಕು. ಕೈಯಲ್ಲಿ ಜಾಮಿಟ್ರಿ ಬಾಕ್ಸಿನ ಕೋನಮಾಪಕ. ಅದಕ್ಕೆ ದಾರ, ದಾರದ ತುದಿಗೆ ಗಾರೆ ಕೆಲಸದವರ ತೂಗುಗುಂಡು. ಬಾಟಲಿ ತುತ್ತತುದಿ ಮುಟ್ಟಿದ ಕ್ಷಣಕ್ಕೆ ಅದರ ಕಡೆ ಗುರಿ ಹಿಡಿದು ಕೋನ ಓದಬೇಕು. 40 ಡಿಗ್ರಿ ಬಂತೆನ್ನಿ. 50ನ್ನು ಆ ಕೋನದ ‘ಟ್ಯಾನ್’ನಿಂದ ಗುಣಿಸಿದರೆ 42. ಅದಕ್ಕೆ ನೋಡುವವರ ಕಣ್ಣಿನ ಎತ್ತರ ಸೇರಿಸಿದರೆ 43 ಮೀಟರ್ ಚಿಲ್ಲರೆ. ತ್ರಿಕೋನಮಿತಿ ಯಾಕೆ ಕಲಿಯಬೇಕು ಎಂದು ಆ ದಿನ ಯಾವ ಹುಡುಗನೂ ಕೇಳುವುದಿಲ್ಲ.

ಈ ವರ್ಷ ಬಂದವರು ಹನ್ನೊಂದು ಮಂದಿ, ನಾಲ್ಕೂ ತಾಲ್ಲೂಕಿನವರು. ನೀರಿಲ್ಲದೆ ಬರೀ ಗಾಳಿ ತುಂಬಿದ ಬಾಟಲಿ 14 ಮೀಟರ್ ಏರಿತು. ಕಾಲು ಭಾಗ ನೀರಿಗೆ 38, ಮೂರನೆಯ ಒಂದು ಭಾಗಕ್ಕೆ 43. ಇನ್ನೂ ಹೆಚ್ಚು ಹಾಕಿದರೆ ಇನ್ನೂ ಮೇಲೆ ಎಂದು ಕುಣಿದವರಿಗೆ ಅರ್ಧ ಬಾಟಲಿ ನೀರು ಪಾಠ ಹೇಳಿತು: 31. ನೀರು ಹೆಚ್ಚಿದಷ್ಟೂ ಭಾರ ಹೆಚ್ಚು, ಗಾಳಿಗೆ ಜಾಗ ಕಡಿಮೆ. ಪಾಂಡವಪುರದ ಒಬ್ಬಳು ಹುಡುಗಿ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆಯುತ್ತಿದ್ದಳು.

ಮಧ್ಯಾಹ್ನ ಹುಣಿಸೆ ಮರದ ಕೆಳಗೆ ಬುತ್ತಿ ಬಿಚ್ಚಿದಾಗ ಶ್ರೀರಂಗಪಟ್ಟಣದ ಹುಡುಗ ಎದೆಯುಬ್ಬಿಸಿ ಹೇಳಿದ: “ಸಾರ್, ರಾಕೆಟ್ ಕಂಡುಹಿಡಿದದ್ದೇ ನಮ್ಮೂರಲ್ಲಿ. ಇಂಗ್ಲಿಷರು ಕದ್ದುಕೊಂಡು ಹೋದರು.”

ಮಾತು ಅರ್ಧ ನಿಜ. ಮದ್ದಿನ ಬಾಣ ಚೀನಾದಲ್ಲಿ ನಮಗಿಂತ ಎಷ್ಟೋ ಹಿಂದೆಯೇ ಇತ್ತು. ಹೈದರಾಲಿ ಮತ್ತು ಟಿಪ್ಪುವಿನ ಕಾಲದ ಮೈಸೂರಿನವರು ಹೊಸದಾಗಿ ಮಾಡಿದ್ದು ಕಬ್ಬಿಣದ ಕೊಳವೆ. ಯೂರೋಪಿನ ಬಾಣಗಳ ಕೊಳವೆ ಆಗ ರಟ್ಟಿನದು. ಮದ್ದನ್ನು ಬಿಗಿಯಾಗಿ ಗಿಡಿದರೆ ಒಡೆದುಹೋಗುವಂಥದ್ದು. ಗೇಣುದ್ದದ ಕಬ್ಬಿಣದ ಕೊಳವೆಯಾದರೆ ಒಳಗಿನ ಒತ್ತಡವನ್ನು ತಡೆದುಕೊಂಡು, ಹಿಂದೆ ಕಟ್ಟಿದ ಬಿದಿರು ಗಳುವಿನ ಸಮೇತ ಒಂದು ಕಿಲೋಮೀಟರಿಗೂ ದೂರ ಹೋಗುತ್ತಿತ್ತು. 1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಸೇನೆ ನುಚ್ಚುನೂರಾಯಿತು. ಅವನ ಮದ್ದಿನ ಬಂಡಿಗಳು ಸಿಡಿದ ಆ ಯುದ್ಧವನ್ನು ದರಿಯಾ ದೌಲತ್ತಿನ ಗೋಡೆಯ ಮೇಲೆ ಇಂದಿಗೂ ನೋಡಬಹುದು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿನಲ್ಲಿ ಇದೇ ಬಾಣಗಳ ಮತ್ತು ಗುಂಡಿನ ಸುರಿಮಳೆಗೆ ಸಿಕ್ಕಿ ಕತ್ತಲಲ್ಲಿ ಹಿಂದೆ ಸರಿದ ಕರ್ನಲ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಡ್ಯೂಕ್ ಆದ.

ಮೇ 4ಕ್ಕೆ ಕೋಟೆ ಬಿತ್ತು. ಇಲ್ಲಿಂದ ಹೋದ ಬಾಣಗಳು ಇಂಗ್ಲೆಂಡಿನ ವೂಲ್‌ವಿಚ್ ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತ ಮಾಡಿದ್ದನ್ನು ಬರೀ ಕಳ್ಳತನ ಎಂದರೆ ನಾವು ಪಾಠ ಕಲಿಯುವುದಿಲ್ಲ. ಮದ್ದಿನ ತೂಕ, ಕೊಳವೆಯ ಅಳತೆ, ಹೋದ ದೂರ ಒಂದೊಂದನ್ನೂ ಬದಲಾಯಿಸಿ ನೋಡಿದ, ಅಳೆದ, ಬರೆದ, 1807ರಲ್ಲಿ ಪುಸ್ತಕವನ್ನೇ ಅಚ್ಚು ಹಾಕಿಸಿದ. ಅದೇ ವರ್ಷ ಅವನ ರಾಕೆಟ್ಟುಗಳು ಕೋಪನ್‌ಹೇಗನ್ ನಗರವನ್ನು ಸುಟ್ಟವು. ನಮ್ಮವರೇ ಆದ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಈ ಕಥೆಯನ್ನು ಆಳವಾಗಿ ಕೆದಕಿ ತೋರಿಸಿದ್ದು ಇದನ್ನೇ: ಇಲ್ಲಿ ಕೈಯ ಜಾಣ್ಮೆ ಇತ್ತು; ಆ ಜಾಣ್ಮೆಗೆ ಲೆಕ್ಕ, ನಿಯಮ, ಪ್ರಯೋಗ ಜೊತೆಯಾದದ್ದು ಅಲ್ಲಿ.

ಹುಡುಗನ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಕೆ.ಆರ್. ಪೇಟೆಯ ಹುಡುಗನ ತಂದೆ ಮೊಪೆಡ್ಡಿನಲ್ಲಿ ಬಂದಿಳಿದರು. ಅವರದು ವೆಲ್ಡಿಂಗ್ ಅಂಗಡಿ. ಮಗ ಎಸ್ಸೆಸ್ಸೆಲ್ಸಿ, ಪರೀಕ್ಷೆಗೆ ತಿಂಗಳೊಪ್ಪತ್ತು.

“ಇದ್ರಿಂದ ಮಾರ್ಕ್ಸ್ ಏನಾರ ಬತ್ತದಾ ಸಾ?” ಎಂದರು.

“ಮಾರ್ಕ್ಸ್ ಬರಲ್ಲ ಯಜಮಾನರೇ. ಒಂದು ಗಂಟೆ ಕೂತು ನೋಡಿ, ಆಮೇಲೆ ಕರ್ಕೊಂಡು ಹೋಗಿ” ಎಂದೆ.

ಊಟದ ನಂತರದ ಮೊದಲ ರಾಕೆಟ್ಟು ಅಷ್ಟೇ ನೀರು, ಅಷ್ಟೇ ಗಾಳಿ ಇದ್ದರೂ 29 ಮೀಟರಿಗೇ ಸೊಟ್ಟಗೆ ತಿರುಗಿ ಬಿತ್ತು. ಗಾಳಿ ಬೀಸಿತು ಎಂದರು ಒಬ್ಬರು, ಪಂಪು ಸರಿಯಿಲ್ಲ ಎಂದರು ಇನ್ನೊಬ್ಬರು. ಆ ತಂದೆ ಎದ್ದುಹೋಗಿ ಬಾಟಲಿ ಎತ್ತಿಕೊಂಡರು. ಒಂದು ಕಣ್ಣು ಮುಚ್ಚಿ, ಕೈಯಲ್ಲಿ ಮೆಲ್ಲಗೆ ತಿರುಗಿಸಿದರು.

“ಈ ರೆಕ್ಕೆ ಒಂದು ನೂಲು ಓರೆ ಐತೆ ಕಣ್ರಪ್ಪ” ಎಂದರು.

ಸ್ಕೇಲ್ ಇಟ್ಟು ನೋಡಿದರೆ ನಿಜ. ಅವರೇ ಬಿಚ್ಚಿ, ನೇರ ಮಾಡಿ, ಅಂಟಿಸಿಕೊಟ್ಟರು. ಅದೇ ಬಾಟಲಿ 44 ಮೀಟರ್ ಏರಿತು. ಅಂದಿನ ದಾಖಲೆ ಅದು. ನೋಟ್‌ಬುಕ್ಕಿನ ಹುಡುಗಿ ಬರೆದಳು: “ರೆಕ್ಕೆ ಒಂದು ನೂಲು ಓರೆ, 29. ನೇರ ಮಾಡಿದ ಮೇಲೆ, 44.” ಮಗ ಅಪ್ಪನನ್ನು ನೋಡಿದ ನೋಟ ಬೇರೆಯೇ ಆಗಿತ್ತು. ಅಪ್ಪ ನೋಟ್‌ಬುಕ್ಕಿನ ಅಂಕಿಗಳನ್ನು ಬಹಳ ಹೊತ್ತು ನೋಡಿದರು. “ಹಂಗಾರೆ ಎರಡು ನೂಲು ಓರೆ ಆದ್ರೆ ಏಟಾಯ್ತದೆ?” ಎಂದು ಕೇಳಿದ್ದು ಮಗನಲ್ಲ, ಅವರೇ. ಸಂಜೆಯವರೆಗೂ ಹೊರಡುವ ಮಾತೆತ್ತಲಿಲ್ಲ.

ಓದುವ ಮಕ್ಕಳಿಗೆ ಕೈಕೆಲಸ ಹೊಲಸು, ಕೈಕೆಲಸದವರಿಗೆ ಪುಸ್ತಕ ದೂರ ಎಂಬ ಗೋಡೆಯನ್ನು ನಾವೇ ಕಟ್ಟಿಕೊಂಡಿದ್ದೇವೆ. ಆ ಹೊಲದಲ್ಲಿ ಒಂದು ಮಧ್ಯಾಹ್ನದ ಮಟ್ಟಿಗೆ ಅದು ಇರಲಿಲ್ಲ.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯೊಂದರ ಮಣ್ಣು ತೆಗೆದಾಗ ಆ ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಗಳು ಸಿಕ್ಕವು. ಒಂದೊಂದೂ ಯಾರೋ ಕುಲುಮೆಯ ಮುಂದೆ ಕೂತು ಬಡಿದು ಸುತ್ತಿದ ಕೊಳವೆ. ಸುಲ್ತಾನರ ಹೆಸರು ಉಳಿಯಿತು, ಕಾಂಗ್ರೀವನ ಹೆಸರು ಉಳಿಯಿತು. ಕೊಳವೆ ಬಡಿದವರ ಒಂದು ಹೆಸರೂ ನಮಗೆ ಗೊತ್ತಿಲ್ಲ. ಅದಕ್ಕೇ ನಮ್ಮ ನೋಟ್‌ಬುಕ್ಕಿನಲ್ಲಿ ಪ್ರತಿ ರಾಕೆಟ್ಟಿನ ಎದುರು ತಾರೀಕು, ನೀರಿನ ಅಳತೆ, ಏರಿದ ಎತ್ತರದ ಜೊತೆಗೆ ಕಟ್ಟಿದವರ ಹೆಸರನ್ನೂ ಬರೆಸುತ್ತೇನೆ. ಈ ಸಲದ 44 ಮೀಟರಿನ ಮುಂದೆ ಎರಡು ಹೆಸರಿವೆ, ಮಗನದು ಮತ್ತು ಅಪ್ಪನದು.